ಷರಾ ಬರೆಯಲು ಜಾಗ ಕೊಡಿ: ರಿಪೋರ್ಟ್‌ನೊಳಗೇ ಎಂಟ್ರಿ ಮಾಡುವ ಆ್ಯಪ್‌ಗೆ ಎಂಟು ಸೂತ್ರಗಳು

ಮಂಗಳೂರಿನ ಗೇರುಬೀಜ ಕಾರ್ಖಾನೆಯೊಂದರ ಕಚೇರಿಯನ್ನು ಊಹಿಸಿಕೊಳ್ಳಿ. ಧಣಿಗಳು ಬೆಳಿಗ್ಗೆ ಪವರ್ ಬಿಐ ರಿಪೋರ್ಟ್ ತೆರೆಯುತ್ತಾರೆ, ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ ‘ಈ ಲಾಟ್ ಯಾಕೆ ಕಡಿಮೆ?’ ಎಂದು ಕೇಳುತ್ತಾರೆ. ಗೋಡೌನಿನ ರೈಟರಿಗೆ ಉತ್ತರ ಗೊತ್ತು, ಅವರು ಅಲ್ಲೇ ಟೈಪ್ ಮಾಡುತ್ತಾರೆ. ಆ ಉತ್ತರ ರಿಪೋರ್ಟಿಗೆ ಬರುವುದೇ ಇಲ್ಲ. ಮುಂದಿನ ತಿಂಗಳು ಮತ್ತದೇ ಪ್ರಶ್ನೆ. ಸಂಖ್ಯೆ ಕಂಡಲ್ಲೇ ಅದರ ಕಾರಣ ಬರೆಯುವ ಜಾಗವೂ ಇದ್ದರೆ ಈ ತೊಂದರೆ ತಪ್ಪುತ್ತದೆ. ಪವರ್ ಆ್ಯಪ್ಸ್‌ನಂಥ ಲೋ-ಕೋಡ್ ಸಾಧನದಿಂದ ಇದನ್ನು ಕಟ್ಟಲು ಎಂಜಿನಿಯರೇ ಆಗಬೇಕಿಲ್ಲ. ಬಿಕಾಂ ಮುಗಿಸಿ ಎಂಐಎಸ್ ನೋಡಿಕೊಳ್ಳುವವರಿಂದಲೂ ಆಗುವ ಕೆಲಸ.

1. ಒಂದೇ ಪ್ರಶ್ನೆಯಿಂದ ಶುರು ಮಾಡಿ. ಆಫ್ರಿಕಾದಿಂದ ಪಣಂಬೂರಿನ ಬಂದರಿಗೆ ಕಚ್ಚಾ ಬೀಜ ಬರುತ್ತದೆ. ಅದರ ಗುಣಮಟ್ಟ ಅಳೆಯುವುದು 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಸಿಕ್ಕಿತು ಎಂಬ ಲೆಕ್ಕದಲ್ಲಿ. 48 ಪೌಂಡ್ ಎಂದು ಒಪ್ಪಿ ಖರೀದಿಸಿದ ಲಾಟ್ 46 ಕೊಟ್ಟರೆ ರಿಪೋರ್ಟ್‌ನಲ್ಲಿ ಆ ಸಾಲು ಕೆಂಪಾಗುತ್ತದೆ. ತೇವ ಹೆಚ್ಚಿತ್ತೇ, ಹುಳ ಹಿಡಿದಿತ್ತೇ, ತಿರುಳು ಮುರುಟಿತ್ತೇ? ಆ್ಯಪ್‌ಗೆ ಬೇಕಾದದ್ದು ಮೂರೇ ಖಾನೆ: ತಾನಾಗಿ ತುಂಬುವ ಲಾಟ್ ನಂಬರ್, ಪಟ್ಟಿಯಿಂದ ಆರಿಸುವ ಕಾರಣ, ಕೈಯಾರೆ ಬರೆಯುವ ಷರಾ. ಹತ್ತು ಖಾನೆ ಇಟ್ಟರೆ ಯಾರೂ ತುಂಬುವುದಿಲ್ಲ.

2. ಮೂಲ ಲೆಕ್ಕವನ್ನು ಮುಟ್ಟಬೇಡಿ. ಈ ಎಂಟರಲ್ಲಿ ಒಂದನ್ನಷ್ಟೇ ಪಾಲಿಸುತ್ತೀರಾದರೆ ಇದನ್ನೇ ಪಾಲಿಸಿ. ಟ್ಯಾಲಿಯಿಂದಲೋ ಇಆರ್‌ಪಿಯಿಂದಲೋ ಬಂದ 46ನ್ನು ಆ್ಯಪ್ ಮೂಲಕ 47 ಮಾಡುವ ದಾರಿ ಯಾರಿಗೂ ಇರಬಾರದು. ಷರಾ ಪ್ರತ್ಯೇಕ ಟೇಬಲಿಗೆ ಹೋಗಲಿ. ಬರೆದವರ ಹೆಸರು, ದಿನಾಂಕ, ಸಮಯ ತಾನಾಗಿ ಸೇರಲಿ. ತಿದ್ದಬೇಕಾದರೆ ಹಳೆ ಸಾಲನ್ನು ಹಾಗೇ ಬಿಟ್ಟು ಹೊಸ ಸಾಲು ಸೇರಿಸಲಿ. ಕಂಪನಿಗಳ ಲೆಕ್ಕಪತ್ರ ಸಾಫ್ಟ್‌ವೇರ್‌ನಲ್ಲಿ ಪ್ರತಿ ಬದಲಾವಣೆಯ ಜಾಡು ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಷರಾ ಟೇಬಲ್ ಲೆಕ್ಕಪುಸ್ತಕವಲ್ಲ, ನಿಜ. ಆದರೂ ಆಡಿಟರ್ ಕೇಳಿದಾಗ ಅದೇ ಶಿಸ್ತು ನಿಮ್ಮನ್ನು ಕಾಪಾಡುತ್ತದೆ.

3. ಬರೆದದ್ದು ಎಲ್ಲಿ ಕೂರುತ್ತದೆ ಎಂಬುದನ್ನು ಮೊದಲೇ ತೀರ್ಮಾನಿಸಿ. ಆ್ಯಪ್ ಬರೆಯುವುದು ರಿಪೋರ್ಟಿಗಲ್ಲ, ಅದರ ಹಿಂದಿರುವ ಟೇಬಲಿಗೆ. ಶೇರ್‌ಪಾಯಿಂಟ್ ಲಿಸ್ಟ್, ಡೇಟಾವರ್ಸ್, ಎಸ್‌ಕ್ಯುಎಲ್ ಸರ್ವರ್, ಯಾವುದಾದರೂ ಆದೀತು. ನಾಲ್ಕು ಮಂದಿ ಒಟ್ಟಿಗೆ ಬರೆಯುವ ಕಡೆ ಎಕ್ಸೆಲ್ ಫೈಲ್ ಬೇಡ. ಎಸ್‌ಕ್ಯುಎಲ್, ಡೇಟಾವರ್ಸ್ ಎರಡಕ್ಕೂ ಪ್ರೀಮಿಯಂ ಲೈಸೆನ್ಸ್ ಬೇಕು, ಹಾಗಾಗಿ ಖರ್ಚಿನ ಮಾತು ಧಣಿಗಳ ಹತ್ತಿರ ಮುಂಚೆಯೇ ಆಗಲಿ. ಎಸ್‌ಕ್ಯುಎಲ್ ಟೇಬಲಿಗೆ ಪ್ರತಿ ಸಾಲನ್ನೂ ಗುರುತಿಸುವ ಪ್ರೈಮರಿ ಕೀ ಇಲ್ಲದಿದ್ದರೆ ಆ್ಯಪ್ ಓದುತ್ತದೆ, ಬರೆಯುವುದಿಲ್ಲ. ಇನ್ನೊಂದು ವಿಷಯ ನಮ್ಮವರಿಗೆ ಮುಖ್ಯ: ಷರಾ ಕಾಲಂ ಕನ್ನಡವನ್ನೂ ಹಿಡಿದಿಡುವ ‘ಎನ್‌ವಾರ್ಚಾರ್’ ಆಗಿರಲಿ. ಸಾಮಾನ್ಯ ‘ವಾರ್ಚಾರ್’ ಇಟ್ಟರೆ ರೈಟರ್ ಬರೆದ ‘ತೇವ ಹೆಚ್ಚು’ ಎಂಬುದು ಮರುಕ್ಷಣ ‘??? ??????’ ಎಂದು ಕಾಣುವ ಸಾಧ್ಯತೆಯೇ ಹೆಚ್ಚು. ಹಾಗೆ ಅಳಿಸಿಹೋದ ಅಕ್ಷರ ಮತ್ತೆ ಸಿಗುವುದಿಲ್ಲ.

4. ಆ್ಯಪ್ ಅನ್ನು ರಿಪೋರ್ಟ್ ಒಳಗಿಂದಲೇ ಶುರು ಮಾಡಿ. ಪವರ್ ಬಿಐನಲ್ಲಿ ಪವರ್ ಆ್ಯಪ್ಸ್ ವಿಷುವಲ್ ಇಟ್ಟು ಅಲ್ಲಿಂದ ‘ಹೊಸದು’ ಒತ್ತಿದರೆ, ರಿಪೋರ್ಟ್‌ನಲ್ಲಿ ಆರಿಸಿದ ಲಾಟ್ ‘ಪವರ್‌ಬಿಐಇಂಟಿಗ್ರೇಷನ್’ ಮೂಲಕ ನೇರ ಆ್ಯಪ್‌ಗೆ ಬರುತ್ತದೆ. ಹೀಗೆ ಬರುವುದು 1000 ಸಾಲು ಮಾತ್ರ, ಆದ್ದರಿಂದ ಮೊದಲು ತಿಂಗಳೋ ಗೋಡೌನೋ ಆರಿಸುವಂತೆ ಮಾಡಿ.

5. ಸೇವ್ ಒತ್ತಿದ ಕೂಡಲೇ ಕಾಣಬೇಕು. ಡೇಟಾ ಇಂಪೋರ್ಟ್ ರೀತಿಯಲ್ಲಿದ್ದರೆ ಪ್ರೊ ಲೈಸೆನ್ಸಿನಲ್ಲಿ ದಿನಕ್ಕೆ 8 ಸಲವಷ್ಟೇ ನಿಗದಿತ ರಿಫ್ರೆಶ್. ಬರೆದದ್ದು ಕಾಣದಿದ್ದರೆ ಜನ ಮತ್ತೆ ಬರೆಯುತ್ತಾರೆ, ಆಮೇಲೆ ಬಿಟ್ಟೇಬಿಡುತ್ತಾರೆ. ದೊಡ್ಡ ಟೇಬಲ್‌ಗಳು ಇಂಪೋರ್ಟಿನಲ್ಲೇ ಇರಲಿ. ಎಸ್‌ಕ್ಯುಎಲ್‌ನಲ್ಲಿರುವ ಪುಟ್ಟ ಷರಾ ಟೇಬಲ್ ಮಾತ್ರ ಮೂಲ ಟೇಬಲನ್ನೇ ನೇರ ಓದುವ ಡೈರೆಕ್ಟ್‌ಕ್ವೆರಿಯಲ್ಲಿರಲಿ. ಸೇವ್ ಬಟನ್ನಿನಲ್ಲಿ ರಿಪೋರ್ಟ್ ರಿಫ್ರೆಶ್ ಮಾಡುವ ಸಾಲನ್ನೂ ಸೇರಿಸಿ.

6. ಅನುಮತಿ ಎರಡೂ ಕಡೆ ಕೊಡಿ. ರಿಪೋರ್ಟ್ ಹಂಚಿದ ಮಾತ್ರಕ್ಕೆ ಆ್ಯಪ್ ತೆರೆಯುವುದಿಲ್ಲ. ರಿಪೋರ್ಟ್‌ನಲ್ಲಿ ಹಾಕಿದ ಸಾಲುವಾರು ನಿರ್ಬಂಧ ಆ್ಯಪ್ ಬರೆಯುವ ಟೇಬಲಿಗೂ ತಾನಾಗಿ ಅನ್ವಯಿಸುತ್ತದೆಂದು ನಂಬಬೇಡಿ. ಅಲ್ಲಿ ಬೇರೆಯೇ ಬೀಗ ಹಾಕಿ.

7. ಮಳೆಗಾಲಕ್ಕೆ ತಯಾರಾಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಕರೆಂಟನ್ನಾಗಲಿ ನೆಟ್‌ವರ್ಕನ್ನಾಗಲಿ ನೆಚ್ಚಿ ಕೂರುವಂತಿಲ್ಲ. ರಿಪೋರ್ಟ್ ಒಳಗಿನ ಆ್ಯಪ್‌ಗೆ ಇಂಟರ್ನೆಟ್ ಬೇಕೇ ಬೇಕು. ಅದೇ ಟೇಬಲಿಗೆ ಬರೆಯುವ ಇನ್ನೊಂದು ಪುಟ್ಟ ಮೊಬೈಲ್ ಆ್ಯಪ್ ಮಾಡಿ, ಷರಾವನ್ನು ಫೋನಿನಲ್ಲಿ ಉಳಿಸಿಕೊಂಡು ಸಿಗ್ನಲ್ ಬಂದಾಗ ಕಳಿಸುವಂತೆ ಬರೆಯಿರಿ.

8. ಸಾಧನಕ್ಕೆ ಅಂಟಿಕೊಳ್ಳಬೇಡಿ. ಮೈಕ್ರೋಸಾಫ್ಟ್ 2025ರಲ್ಲಿ ತನ್ನ ಡೇಟಾ ವೇದಿಕೆ ಫ್ಯಾಬ್ರಿಕ್ ಮೂಲಕ ರಿಪೋರ್ಟ್‌ನ ಬಟನ್ನಿನಿಂದಲೇ ಬರೆಯುವ ‘ಟ್ರಾನ್ಸ್‌ಲೈಟಿಕಲ್ ಟಾಸ್ಕ್ ಫ್ಲೋ’ ತಂದಿದೆ. ಅಷ್ಟು ಖರ್ಚು ಬೇಡವೆನ್ನುವ ಸಣ್ಣ ಘಟಕಕ್ಕೆ ಗೂಗಲ್ ಶೀಟ್, ಆ್ಯಪ್‌ಶೀಟ್, ಲುಕರ್ ಸ್ಟುಡಿಯೋ ಧಾರಾಳ ಸಾಕು. ಪ್ರತ್ಯೇಕ ಟೇಬಲ್ ಮತ್ತು ಬರೆದವರ ಹೆಸರು ಮಾತ್ರ ಎಲ್ಲಿದ್ದರೂ ಇರಲಿ.

ಕಾರಣಗಳ ಪಟ್ಟಿಯನ್ನು ಎಸಿ ಕೋಣೆಯಲ್ಲಿ ಕೂತು ಬರೆಯಬೇಡಿ. ಮುಂದಿನ ಲಾಟ್ ಇಳಿಯುವ ಮೊದಲು ಗೋಡೌನಿಗೆ ಹೋಗಿ, ರೈಟರ್ ಜೊತೆ ಅರ್ಧ ಗಂಟೆ ಕೂತು, ಅವರು ದಿನವೂ ಹೇಳುವ ಮಾತುಗಳಲ್ಲೇ ಆ ಪಟ್ಟಿ ಮಾಡಿಕೊಂಡು ಬನ್ನಿ.