‘ನೀನೂ ಎರಡು ಬಾರಿಸು’ ಎನ್ನಬಹುದೇ?

ಪ್ರಶ್ನೆ: ಮಗ ಆರನೇ ತರಗತಿ. ಶಾಲೆ ವ್ಯಾನಿನಲ್ಲಿ ಯಲಹಂಕಕ್ಕೆ ಹೋಗಿಬರುತ್ತಾನೆ. ಹಿಂದಿನ ಸೀಟಿನ ದೊಡ್ಡ ಹುಡುಗರು ‘ಡುಮ್ಮ’ ಅಂತ ರೇಗಿಸಿ, ಊಟದ ಡಬ್ಬಿ ಕಿತ್ತುಕೊಂಡು ಗೋಳು ಹೊಯ್ದುಕೊಳ್ಳುತ್ತಾರಂತೆ. ನಮ್ಮ ಯಜಮಾನರು ‘ನೀನೂ ಎರಡು ಬಾರಿಸಿ ಬಾ’ ಅನ್ನುತ್ತಾರೆ. ಸರಿಯೇ?
– ಒಬ್ಬ ತಾಯಿ, ರಾಜಾನುಕುಂಟೆ

ಬೇಡಮ್ಮ. ಒಂಟಿ ಹುಡುಗ ಗುಂಪಿನ ಮೇಲೆ ಕೈ ಎತ್ತಿದರೆ ಪೆಟ್ಟು ತಿನ್ನುವವನೂ ಅವನೇ, ಆಮೇಲೆ ಪ್ರಿನ್ಸಿಪಾಲರ ಕೋಣೆಯಲ್ಲಿ ತಲೆ ತಗ್ಗಿಸಿ ನಿಲ್ಲುವವನೂ ಅವನೇ. ಹಾಗಂತ ‘ಹುಡುಗಾಟ, ಬಿಟ್ಟುಹಾಕು’ ಎಂದರೂ ತಪ್ಪೇ. ಅವನು ನಿಮ್ಮೆದುರು ಬಾಯಿ ಬಿಟ್ಟಿದ್ದೇ ದೊಡ್ಡದು. ಎಷ್ಟೋ ಮಕ್ಕಳು ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತವೆ, ಅಷ್ಟೆ.

ಟೀಚರ ಕಣ್ಣು ಬೀಳದ ಜಾಗದಲ್ಲೇ ಇಂಥ ಕಾಟ ಜಾಸ್ತಿ. ಹಾಗಾಗಿ ಮೊದಲು ವ್ಯಾನು ಸರಿಹೋಗಲಿ. ಮಗನಿಗೆ ಡ್ರೈವರ್ ಹಿಂದಿನ ಸೀಟು ಕೊಡಿಸಿ, ಆಯಾ ಕೊನೆಯ ಸೀಟಿನಲ್ಲಿ ಕೂರಲಿ ಎಂದು ಶಾಲೆಗೆ ಹೇಳಿ. ಫಿನ್‌ಲೆಂಡಿನ ಟುರ್ಕು ವಿಶ್ವವಿದ್ಯಾಲಯ ಶಾಲೆಯ ಇಂಥ ಕಾಟ ತಡೆಯಲೆಂದೇ ರೂಪಿಸಿದ ‘ಕಿವಾ’ ಕಾರ್ಯಕ್ರಮ, ಕಾಟ ಕೊಡುವವನ ಮೇಲಿಡುವಷ್ಟೇ ಗಮನವನ್ನು ಸುತ್ತ ನಿಂತು ನೋಡುವ ಮಕ್ಕಳ ಮೇಲೂ ಇಡುತ್ತದೆ. ನಗುವವರಿಲ್ಲದಿದ್ದರೆ ರೇಗಿಸುವವನ ಹುರುಪು ಇಳಿಯುತ್ತದೆ. ಅದೇ ವ್ಯಾನಿನ ಉಳಿದ ಮಕ್ಕಳ ತಾಯಂದಿರ ಜೊತೆ ಮಾತಾಡಿ. ಪಕ್ಕದಲ್ಲಿ ಕೂರುವ ಒಬ್ಬ ಗೆಳೆಯ ಸಿಕ್ಕರೂ ಅರ್ಧ ಕೆಲಸ ಆದಂತೆ. ಆ ಹುಡುಗರ ಮನೆಗೆ ಜಗಳಕ್ಕೆ ಹೋಗಬೇಡಿ, ವಾಟ್ಸ್ಯಾಪ್ ಗುಂಪಿನಲ್ಲಿ ಅವರ ಹೆಸರು ಎಳೆಯಬೇಡಿ. ಅವರೂ ಮಕ್ಕಳೇ.

ಶಾಲೆಗೆ ಬಾಯಿಮಾತಿನ ದೂರು ಸಾಲದು. ಯಾವತ್ತು, ಏನಾಯಿತು, ಯಾರು ನೋಡಿದರು ಎಂದು ಬರೆದುಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಸಿಬಿಎಸ್‌ಇ ತನ್ನ ಶಾಲೆಗಳಿಗೆ ಇದಕ್ಕೆಂದೇ ಸಮಿತಿ ಮಾಡಿ ಎಂದು 2015ರಲ್ಲೇ ಸೂಚಿಸಿದೆ. ನಿಮ್ಮದು ಅಂಥ ಶಾಲೆಯಾದರೆ ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳಿ. ಕಿವಿಗೆ ಹಾಕಿಕೊಳ್ಳದಿದ್ದರೆ ಬಿಇಒ ಕಚೇರಿ ಇದೆ, ಅದರಾಚೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ರ‍್ಯಾಗಿಂಗ್‌ಗೆ ಶಿಕ್ಷೆಯೂ ಉಂಟು. ಡಬ್ಬಿ ಕಿತ್ತುಕೊಂಡ ಹುಡುಗರ ಮೇಲೆ ಅದನ್ನು ಝಳಪಿಸುವ ಹೊತ್ತು ಇನ್ನೂ ಬಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮೈಮೇಲೆ ಗಾಯ ಕಂಡರೆ, ಯಾರಾದರೂ ಕೆಟ್ಟದಾಗಿ ಮುಟ್ಟಿದ್ದರೆ, ‘ಸಾಯ್ತೀನಿ’ ಎಂಬ ಮಾತು ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್, 14416. ಎರಡೂ ಉಚಿತ. 1098ಕ್ಕೆ ಮಕ್ಕಳೇ ಫೋನ್ ಮಾಡಬಹುದು, ಮಗನಿಗೂ ಆ ನಂಬರ್ ಬಾಯಿಪಾಠ ಮಾಡಿಸಿಡಿ.