ಮದ್ದೂರು ದಾಟಿ, ಮಂಡ್ಯ ದಾಟಿ

2025ರ ಜುಲೈ ಮೊದಲ ವಾರ. ಬೆಸಗರಹಳ್ಳಿಯ ನಮ್ಮ ಮನೆಯ ಕದವನ್ನು ರಾತ್ರಿ ಹನ್ನೊಂದಕ್ಕೆ ಚಿಕ್ಕಪ್ಪನ ಮಗ ಬಡಿದ. ವಯಸ್ಸು ಇಪ್ಪತ್ತೆಂಟು. "ಎದೆ ಹಿಡ್ದಂಗಾಯ್ತದೆ ಕಣಣ್ಣ" ಎಂದು ಜಗುಲಿ ಮೇಲೆ ಕೂತವನು ಜೋರಾಗಿ ಕೆಮ್ಮತೊಡಗಿದ. ಕೆಮ್ಮುತ್ತಲೇ ಇದ್ದರೆ ಹೃದಯಾಘಾತ ನಿಲ್ಲುತ್ತದೆಂದು ಯಾವುದೋ ರೀಲ್ಸ್ ಹೇಳಿತ್ತು. ಗಂಟಲು ಕಟ್ಟಿತು, ಬೆವರು ನಿಲ್ಲಲಿಲ್ಲ. ಕೆಮ್ಮಿನಿಂದ ಹೃದಯಾಘಾತ ತಡೆಯಲಾಗದು ಎಂಬುದು ನನಗೂ ಆಗ ಗೊತ್ತಿರಲಿಲ್ಲ.

ಆ ದಿನಗಳಲ್ಲಿ ಎಲ್ಲರ ಫೋನಿನಲ್ಲೂ ಹಾಸನವೇ. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ, ಅದರಲ್ಲಿ ಹರೆಯದವರ ಫೋಟೊಗಳು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ. ನಾವೂ ಕಾರು ಮಾಡಿಕೊಂಡು ಅಲ್ಲಿಗೇ ಹೊರಟೆವು. ಮದ್ದೂರಿನ ತಾಲ್ಲೂಕು ಆಸ್ಪತ್ರೆ ದಾಟಿದೆವು, ಮಂಡ್ಯದ ಮಿಮ್ಸ್ ಆಸ್ಪತ್ರೆ ಕೂಡ ದಾಟಿದೆವು. ಇಸಿಜಿ ಅಲ್ಲೂ ಆಗುತ್ತದೆ ಎಂಬುದು ಇಬ್ಬರಿಗೂ ಹೊಳೆಯಲೇ ಇಲ್ಲ.

ಅದು ನಿಜವಾದ ಹೃದಯಾಘಾತವೇ ಆಗಿದ್ದರೆ? ರಕ್ತನಾಳ ಕಟ್ಟಿಕೊಂಡ ಮೇಲೆ ನಿಮಿಷ ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ. ಆ ರಾತ್ರಿಯ ತಪ್ಪು ನನ್ನದು. ಈಗಲೂ ನೆನೆದರೆ ಮೈ ನಡುಗುತ್ತದೆ.

ಜಯದೇವದಲ್ಲಿ ತೆಗೆದ ಇಸಿಜಿ ಸರಿಯಾಗಿತ್ತು. ಬಿಪಿ ಮಾತ್ರ 152/98. "ಒಂದು ಸಲದ ಲೆಕ್ಕ ಸಾಲದು, ಊರಲ್ಲೇ ಮತ್ತೆ ಮತ್ತೆ ನೋಡಿಸಿ" ಎಂದರು ವೈದ್ಯರು. ಹದಿನೈದು ದಿನ ನೋಡಿಸಿದರೂ ಅದು 140/90ರ ಕೆಳಗಿಳಿಯಲಿಲ್ಲ. ಬಿಪಿ ಇರುವವರಲ್ಲಿ ಶೇ 46ರಷ್ಟು ಮಂದಿಗೆ ತಮಗೆ ಅದು ಇದೆಯೆಂದೇ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತ್ತು. ಆ ಲೆಕ್ಕದಲ್ಲಿ ನಮ್ಮ ಮನೆಯ ಹುಡುಗನೂ ಇದ್ದ.

ಕೆಮ್ಮಿನ ರೀಲ್ಸ್ ತೋರಿಸಿತೆಂದು ಫೋನನ್ನೇ ದೂರಲಾರೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ನಾಲ್ವರಿಗೆ ಬೆಳಕಾದ ಸುದ್ದಿ ಹಳ್ಳಿಹಳ್ಳಿಗೂ ಹೋದದ್ದು ಇದೇ ಫೋನಿನಿಂದ. ನೇತ್ರದಾನಕ್ಕೆ ಹೆಸರು ಬರೆಸಲು ಹುಡುಗರು ಸಾಲುಗಟ್ಟಿದರು. ಆದರೆ ಹಾಸನದ ಸಾವುಗಳಲ್ಲಿ ಅಸಹಜ ಏರಿಕೆ ಇಲ್ಲವೆಂಬ ತಜ್ಞರ ವರದಿಯೂ 2025ರ ಅದೇ ಜುಲೈನಲ್ಲಿ ಬಂತು. ಅದನ್ನು ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೂ ಹಂಚಲಿಲ್ಲ. ಕತೆಗಾರ ಡಾ. ಬೆಸಗರಹಳ್ಳಿ ರಾಮಣ್ಣ ವೃತ್ತಿಯಿಂದ ವೈದ್ಯರಾಗಿದ್ದರು. ಅಂಥವರ ಹೆಸರಿನಿಂದ ನಾಡಿಗೆ ಪರಿಚಯವಾದ ಊರಿನಲ್ಲಿ, ಬಿಳಿ ಕೋಟು ತೊಟ್ಟು ಫೋನಿನಲ್ಲಿ ಕಾಣುವವರೆಲ್ಲ ಡಾಕ್ಟರಾಗಿಬಿಟ್ಟಿದ್ದಾರೆ.

ಬಿಪಿ ತಗ್ಗಿಸಲು ಮನೆಯಲ್ಲಿ ಕಷ್ಟದ ಕೆಲಸವೆಂದರೆ ಉಪ್ಪು ಇಳಿಸುವುದು. ದಿನಕ್ಕೆ ಐದು ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ, ಒಬ್ಬರಿಗೆ ಸಾಕಂತೆ. ಮುದ್ದೆಗೆ ಉಪ್ಪೆಸರು, ಪಕ್ಕದಲ್ಲಿ ಉಪ್ಪಿನಕಾಯಿ ಇದ್ದರೆ ಅಷ್ಟು ಒಂದೇ ಊಟಕ್ಕೆ ಮುಗಿದಂತೆ. ಚಿಕ್ಕಮ್ಮ ಮೊದಲು ಉಪ್ಪಿನಕಾಯಿ ಜಾಡಿಯನ್ನು ಅಟ್ಟಕ್ಕೆ ಏರಿಸಿದರು. ಅವರ ಮಗ ಬೀಡಾ ಅಂಗಡಿಯ ಕಡೆ ಹೋಗುವುದು ಬಿಟ್ಟು ಸಂಜೆ ಕೆರೆ ಏರಿಯ ಮೇಲೆ ನಡೆಯುತ್ತಾನೆ. ಜೊತೆಗೆ ಅವನ ಓರಗೆಯ ಮೂವರು.

ಚಿಕ್ಕಪ್ಪನ ಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲು ಹಾಕಿದ ಲೆಕ್ಕದ ಪಕ್ಕ ಈಗ ಬಿಪಿಯ ಅಂಕಿಗಳಿವೆ. ಕಳೆದ ಭಾನುವಾರದ್ದು 134/86. ಅದರ ಕೆಳಗೆ, ಬೇರೆ ಕೈಬರಹದಲ್ಲಿ, ಚಿಕ್ಕಪ್ಪನದೂ ಇದೆ.