‘ನೆಗ್ರೊ’ ಅಂದ್ರೆ ಕಪ್ಪು, ಅಷ್ಟೇನಾ?

ಒಂದು ಪದ ಬೈಗುಳ ಹೌದಾ ಅಲ್ವಾ ಅಂತ ತಿಳಿಯೋಕೆ ಡಿಕ್ಷನರಿ ಸಾಕು ಅಂತ ನಾವು ಅಂದುಕೊಂಡಿದ್ವಿ. ಫುಟ್‌ಬಾಲ್‌ನ ಒಂದು ಹಳೇ ಕೇಸ್ ಓದಿದ ಮೇಲೆ ಹಾಗನ್ನಿಸುತ್ತಿಲ್ಲ.

2011ರ ಅಕ್ಟೋಬರ್ 15, ಲಿವರ್‌ಪೂಲ್‌ನ ಆನ್‌ಫೀಲ್ಡ್ ಮೈದಾನ. ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್. ಲಿವರ್‌ಪೂಲ್ ಪರ ಆಡುತ್ತಿದ್ದ ಉರುಗ್ವೆಯ ಲೂಯಿಸ್ ಸುವಾರೆಜ್, ಯುನೈಟೆಡ್‌ನ ಫ್ರೆಂಚ್ ಡಿಫೆಂಡರ್ ಪ್ಯಾಟ್ರಿಸ್ ಎವ್ರಾನ ಮೊಣಕಾಲಿಗೆ ಒದ್ದ. ಸ್ವಲ್ಪ ಹೊತ್ತಿಗೆ ಕಾರ್ನರ್ ಕಿಕ್‌ಗೆ ಕಾಯುತ್ತಾ ಇಬ್ಬರೂ ಸ್ಪ್ಯಾನಿಷ್‌ನಲ್ಲಿ ಜಗಳಕ್ಕೆ ನಿಂತರು. (ಮೊದಲು ಕೆಟ್ಟ ಮಾತಾಡಿದ್ದು ತಾನೇ ಅಂತ ಎವ್ರಾ ಒಪ್ಪಿಕೊಂಡಿದ್ದಾನೆ.) ಯಾಕೆ ಒದ್ದೆ ಅಂದಿದ್ದಕ್ಕೆ, ನೀನು ಕರಿಯ ಅದಕ್ಕೆ ಅಂದ ಅನ್ನೋದು ಎವ್ರಾ ದೂರು. ‘ಯಾಕೆ, ನೆಗ್ರೊ?’ ಅಂತ ಒಂದೇ ಸಲ ಅಂದೆ, ನಮ್ಮ ಕಡೆ ಅದು ಸಲಿಗೆಯ ಮಾತು ಅನ್ನೋದು ಸುವಾರೆಜ್ ವಾದ.

ಸ್ಪ್ಯಾನಿಷ್‌ನಲ್ಲಿ ‘ನೆಗ್ರೊ’ ಅಂದ್ರೆ ಕಪ್ಪು. ಉರುಗ್ವೆಯಲ್ಲಿ ಗೆಳೆಯರು, ಗಂಡ-ಹೆಂಡತಿ ಒಬ್ಬರನ್ನೊಬ್ಬರು ಹಾಗೆ ಕರೆಯೋದೂ ನಿಜ. ಎವ್ರಾ ಅದನ್ನ ಮೊದಲು ಇಂಗ್ಲಿಷಿನ ಆ ಕೆಟ್ಟ ಪದ ಅಂದುಕೊಂಡು, ಆಮೇಲೆ ತಿದ್ದಿಕೊಂಡ. ಹಾಗಾದ್ರೆ ಕೇಸ್ ಮುಗೀತಲ್ಲ?

ಇಲ್ಲ. ವಿಚಾರಣೆ ನಡೆಸಿದ ಕಮಿಷನ್‌ಗೆ ಇಬ್ಬರು ಭಾಷಾ ತಜ್ಞರು ವರದಿ ಕೊಟ್ಟರು. ಸುವಾರೆಜ್ ಹೇಳಿದಂತೆ ಅಂದಿದ್ದರೆ ಉರುಗ್ವೆಯಲ್ಲಿ ಅದು ತಪ್ಪಾಗಿ ಕೇಳಿಸಲಿಕ್ಕಿಲ್ಲ. ಎವ್ರಾ ಹೇಳಿದಂತೆ ಅಂದಿದ್ದರೆ ಉರುಗ್ವೆಯಲ್ಲೂ ಅದು ಜನಾಂಗೀಯ ನಿಂದನೆಯೇ. ಪದ ಅದೇ!

ಇದು ನಮಗೆ ಅರ್ಥವಾಗಿದ್ದು ಹಾಸ್ಟೆಲ್‌ನಲ್ಲಿ. ಒಬ್ಬ ಗೆಳೆಯನನ್ನ ಮೊದಲ ಸೆಮಿಸ್ಟರ್‌ನಿಂದ ‘ಕರಿಯ’ ಅಂತಲೇ ಕರೀತೀವಿ. ಈ ಲೇಖನ ಬರೆಯುವಾಗ ಮೊದಲ ಸಲ ಅವನನ್ನ ಕೇಳಿದ್ವಿ. ಮೆಸ್‌ನಲ್ಲಿ ಕರೆದ್ರೆ ಏನೂ ಅನ್ಸಲ್ಲ, ಕ್ಯಾಚ್ ಬಿಟ್ಟಾಗ ಕರೆದ್ರೆ ಅನ್ಸುತ್ತೆ ಅಂದ.

ಕಮಿಷನ್ ನೋಡಿದ್ದೂ ಇದನ್ನೇ. ಜಗಳದ ಮಧ್ಯೆ ಸುವಾರೆಜ್ ಎವ್ರಾನ ಕೈ ಚಿವುಟಿದ್ದು ವಿಡಿಯೋದಲ್ಲಿದೆ. ಸಮಾಧಾನ ಮಾಡೋಕೆ ಚಿವುಟಿದೆ ಅಂತ ಮೊದಲು ಹೇಳಿದವನು, ಪಾಟೀಸವಾಲಿನಲ್ಲಿ ಅಲ್ಲ ಅಂತ ಒಪ್ಪಿಕೊಂಡ. ಜಗಳದಲ್ಲಿ ಸಲಿಗೆ ಎಲ್ಲಿಂದ ಬಂತು? 115 ಪುಟಗಳ ತೀರ್ಪಿನ ಪ್ರಕಾರ ಆ ಪದ 7 ಸಲ ಬಂದಿತ್ತು. ಶಿಕ್ಷೆ 8 ಮ್ಯಾಚ್ ನಿಷೇಧ, 40,000 ಪೌಂಡ್ ದಂಡ. ಸುವಾರೆಜ್ ಜನಾಂಗದ್ವೇಷಿ ಅಂತ ಕಮಿಷನ್ ಹೇಳಲಿಲ್ಲ, ಆಡಿದ ಮಾತನ್ನಷ್ಟೇ ಅಳೆಯಿತು.

ಮರುದಿನವೇ ಲಿವರ್‌ಪೂಲ್ ಆಟಗಾರರು ಸುವಾರೆಜ್ ಚಿತ್ರದ ಟಿ-ಶರ್ಟ್ ಹಾಕಿಕೊಂಡು ಬಂದರು. ಅವರಲ್ಲೊಬ್ಬನಾದ ಜೇಮಿ ಕ್ಯಾರಗರ್ ಟಿವಿಯಲ್ಲಿ ಎವ್ರಾನ ಎದುರೇ ಕ್ಷಮೆ ಕೇಳಿದ್ದು 2019ರಲ್ಲಿ. ಎಂಟು ವರ್ಷ!

2020ರಲ್ಲಿ ಇನ್ನೊಬ್ಬ ಉರುಗ್ವೆ ಆಟಗಾರ, ಯುನೈಟೆಡ್‌ನ ಎಡಿನ್ಸನ್ ಕವಾನಿ, ಅಭಿನಂದಿಸಿದ ಗೆಳೆಯನಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ‘ಥ್ಯಾಂಕ್ಸ್, ನೆಗ್ರಿತೊ’ ಅನ್ನೋ ಅರ್ಥದಲ್ಲಿ ಬರೆದ. 3 ಮ್ಯಾಚ್ ನಿಷೇಧ, 1 ಲಕ್ಷ ಪೌಂಡ್ ದಂಡ. ಉರುಗ್ವೆಯ ಭಾಷಾ ಅಕಾಡೆಮಿಯೇ ಪ್ರತಿಭಟಿಸಿತು. ಇಲ್ಲಿ ಜಗಳವೇ ಇರಲಿಲ್ಲ, ಹಾಗಾಗಿ ತೀರ್ಪು ತಪ್ಪು ಅನ್ನೋದು ನಮ್ಮಲ್ಲಿ ಹೆಚ್ಚಿನವರ ಮಾತು. ಲಕ್ಷಾಂತರ ಜನ ನೋಡೋ ಅಕೌಂಟ್ ಹಾಸ್ಟೆಲ್ ಮೆಸ್ ಅಲ್ಲ ಅಂತ ಇಬ್ಬರು ಇನ್ನೂ ವಾದ ಮಾಡ್ತಿದ್ದಾರೆ.